ಮೂಸಿ ನದಿಯ ಲೆಕ್ಕ: 1908ರ ಹೈದರಾಬಾದ್ ಪ್ರವಾಹ ಮತ್ತು ವಿಶ್ವೇಶ್ವರಯ್ಯನವರ ವರದಿ

1908ರ ಸೆಪ್ಟೆಂಬರ್ 28ರ ಸೋಮವಾರ ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿ ದಡ ಮೀರಿ ಎರಡೂ ಬದಿಯ ವಸತಿಗಳ ಮೇಲೆ ನುಗ್ಗಿತು. ಸುಮಾರು 15,000 ಜನ ಸತ್ತರು. 19,000ದಷ್ಟು ಮನೆಗಳು ಕುಸಿದವು. ನಗರದ ಜನಸಂಖ್ಯೆಯ ಕಾಲು ಭಾಗಕ್ಕೆ ಸೂರಿಲ್ಲದಂತಾಯಿತು. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಮೂರೂ ಕೊಚ್ಚಿಹೋದವು. ಕುತುಬ್‌ಶಾಹಿ ಕಾಲದಲ್ಲಿ, 1578ರಲ್ಲಿ ಕಟ್ಟಿದ ಪುರಾನಾಪುಲ್ ಮಾತ್ರ ಪೆಟ್ಟು ತಿಂದರೂ ನಿಂತಿತು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದಲ್ಲಿದ್ದ ಹುಣಸೆಮರವೊಂದನ್ನು ಹತ್ತಿ ನೂರೈವತ್ತರಷ್ಟು ಜನ ಜೀವ ಉಳಿಸಿಕೊಂಡರು. ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿದೆ.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ಈ ಅನಾಹುತದ ನಂತರ ಸಲಹೆಗಾಗಿ ಕರೆಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಕರ್ನಾಟಕದಲ್ಲಿ ನಾವು ಅವರನ್ನು ಕನ್ನಂಬಾಡಿ ಕಟ್ಟೆಯ ಮೂಲಕ, ದಿವಾನಗಿರಿಯ ಮೂಲಕ ನೆನೆಯುತ್ತೇವೆ. ಬೊಂಬಾಯಿಯ ಸೇವೆಗೂ ಮೈಸೂರಿನ ಸೇವೆಗೂ ನಡುವೆ ಅವರು ಹೈದರಾಬಾದಿನಲ್ಲಿ ಕಳೆದ ಆ ಕೆಲವೇ ತಿಂಗಳುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಅವರು ಎಂಥ ಎಂಜಿನಿಯರ್ ಎಂಬುದನ್ನು ಅರಿಯಲು ಆ ತಿಂಗಳುಗಳೇ ಹೆಚ್ಚು ಸಹಾಯಕವೆಂದು ನನ್ನ ಅಭಿಪ್ರಾಯ. ಕಟ್ಟೆಯನ್ನು ಎಷ್ಟು ಎತ್ತರ, ಎಷ್ಟು ಅಗಲ ಕಟ್ಟಬೇಕೆಂದು ಕೇಳುವ ಮೊದಲು ನೀರು ಎಲ್ಲಿಂದ, ಎಷ್ಟು, ಯಾವ ವೇಗದಲ್ಲಿ ಬಂತೆಂದು ಇಡೀ ಜಲಾನಯನ ಪ್ರದೇಶದ ಮಟ್ಟದಲ್ಲಿ ಲೆಕ್ಕ ಹಾಕಿದ್ದೇ ಈ ಪ್ರಕರಣದ ತಿರುಳು.

ಕರೆ ಬಂದ ಹೊತ್ತು

1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವರು. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿ ನಾಸಿಕದಲ್ಲಿ ಸಹಾಯಕ ಎಂಜಿನಿಯರ್ ಆದರು. ಸಿಂಧೂ ನದಿಯ ದಡದ ಸುಕ್ಕೂರಿಗೆ ಕುಡಿಯುವ ನೀರು ಒದಗಿಸಿದ್ದು, ನೀರಾವರಿಯಲ್ಲಿ ಜಮೀನನ್ನು ಭಾಗಗಳಾಗಿ ವಿಂಗಡಿಸಿ ಸರದಿಯಂತೆ ನೀರು ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದ್ದು, ಏಡನ್ನಿನ ನೀರು ಮತ್ತು ನೈರ್ಮಲ್ಯದ ಬಗ್ಗೆ ವರದಿ ಕೊಟ್ಟದ್ದು ಆ ಕಾಲದ ಕೆಲಸಗಳು. ಹೈದರಾಬಾದಿನ ಪ್ರಶ್ನೆಗೆ ಅತ್ಯಂತ ಹತ್ತಿರದ ತಯಾರಿ ಪುಣೆಯ ಬಳಿಯ ಖಡಕ್ವಾಸ್ಲಾದಲ್ಲಿ ನಡೆದಿತ್ತು. ಅಲ್ಲಿನ ಜಲಾಶಯದ ಕೋಡಿಯ ಮೇಲೆ ಪ್ರತಿ ಮಳೆಗಾಲ ಬಹಳಷ್ಟು ನೀರು ಹರಿದುಹೋಗುತ್ತಿತ್ತು. ಅದನ್ನು ಹಿಡಿಯಲು ಕಟ್ಟೆಯನ್ನು ಏರಿಸಿದರೆ ಹಳೆಯ ಕಟ್ಟಡದ ಮೇಲೆ ಒತ್ತಡ ಹೆಚ್ಚುತ್ತಿತ್ತು. ಅವರು ಕೋಡಿಯ ಮೇಲೆ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಗೇಟು ಅದನ್ನು ತಡೆದಿಡುತ್ತದೆ. ಮಟ್ಟ ಮೀರಿದೊಡನೆ ಯಾರೂ ಕೈ ಹಾಕದೆ ತಾನೇ ತೆರೆದುಕೊಂಡು ಹೆಚ್ಚುವರಿ ನೀರನ್ನು ಬಿಟ್ಟು, ನೀರು ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. ಸಂಗ್ರಹಕ್ಕೂ ಪ್ರವಾಹಕ್ಕೂ ಒಂದೇ ಕಟ್ಟೆಯಲ್ಲಿ ಹೇಗೆ ಜಾಗ ಮಾಡುವುದು ಎಂಬ ಪ್ರಶ್ನೆಯೊಡನೆ ಅವರು ಅದಾಗಲೇ ವರ್ಷಗಟ್ಟಲೆ ಒಡನಾಡಿದ್ದರು.

1908ರಲ್ಲಿ ಅವರು ಬೊಂಬಾಯಿಯ ಸೇವೆ ಬಿಟ್ಟರು. ಹಲವು ಹಿರಿಯರನ್ನು ದಾಟಿ ಮೇಲೇರಿದ್ದ ಅವರಿಗೆ ಮುಂದಿನ ಮೆಟ್ಟಿಲಾದ ಮುಖ್ಯ ಎಂಜಿನಿಯರ್ ಹುದ್ದೆ ಆ ಆಡಳಿತದಲ್ಲಿ ಭಾರತೀಯನೊಬ್ಬನಿಗೆ ದೊರೆಯುವ ಸಂಭವವಿರಲಿಲ್ಲ. ಸೇವೆಯಿಂದ ಬಿಡುಗಡೆ ಪಡೆದು ವಿದೇಶಗಳ ನಿರ್ಮಾಣ ಕಾಮಗಾರಿಗಳನ್ನು ನೋಡಲು ಹೊರಟಿದ್ದ ಅವರು ಇಟಲಿಯಲ್ಲಿದ್ದಾಗ ಹೈದರಾಬಾದಿನ ಕೋರಿಕೆ ಕೈಸೇರಿತು. ಪ್ರವಾಸ ಮುಗಿಸಿಯೇ ಬರುವುದಾಗಿ ಅವರು ಉತ್ತರಿಸಿದರು. ನಿಜಾಮರ ಸರ್ಕಾರ ಕಾಯಲು ಒಪ್ಪಿತು. 1909ರ ಏಪ್ರಿಲ್ ಮಧ್ಯದಲ್ಲಿ ಅವರು ಹೈದರಾಬಾದಿಗೆ ಬಂದಿಳಿದಾಗ ಪ್ರವಾಹ ಕಳೆದು ಆರು ತಿಂಗಳು ದಾಟಿತ್ತು, ಮುಂದಿನ ಮಳೆಗಾಲ ಎರಡು ತಿಂಗಳೂ ದೂರವಿರಲಿಲ್ಲ.

ಸರ್ಕಾರ ಅವರಿಗೆ ಒಪ್ಪಿಸಿದ ಕೆಲಸ ಮೂರು: ನಗರದ ಪುನರ್ನಿರ್ಮಾಣಕ್ಕೆ ಸಲಹೆ ಮತ್ತು ನೆರವು, ಮುಂದಿನ ಪ್ರವಾಹಗಳಿಂದ ನಗರವನ್ನು ಕಾಪಾಡುವ ಯೋಜನೆ, ಹೈದರಾಬಾದ್ ಮತ್ತು ಚಾದರ್‌ಘಾಟಿಗೆ ಸಂಪೂರ್ಣ ಒಳಚರಂಡಿ ಯೋಜನೆ. ಅವರ ನೆರವಿಗೆ ನಿಂತ ಸ್ಥಳೀಯ ಎಂಜಿನಿಯರುಗಳಲ್ಲಿ ಮುಂದೆ ನವಾಬ್ ಅಲಿ ನವಾಜ್ ಜಂಗ್ ಬಹದ್ದೂರ್ ಎಂದು ಹೆಸರಾದ ಅಹ್ಮದ್ ಅಲಿಯವರೂ ಇದ್ದರು. ಹೈದರಾಬಾದ್ ಸಂಸ್ಥಾನದ ದೊಡ್ಡ ನೀರಾವರಿ ಕಾಮಗಾರಿಗಳೊಡನೆ ಬೆಸೆದುಕೊಂಡಿರುವ ಹೆಸರು ಅದು.

ಮಳೆ ಎಷ್ಟು, ಕೆರೆ ಎಷ್ಟು

ಮೂಸಿ ದೊಡ್ಡ ನದಿಯಲ್ಲ. ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಹೈದರಾಬಾದಿಗೆ ಸ್ವಲ್ಪ ಮೇಲೆ ಈಸಿ ಎಂಬ ಉಪನದಿಯನ್ನು ಕೂಡಿಕೊಂಡು, ನಗರವನ್ನು ದಾಟಿ ಕೊನೆಗೆ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ವರ್ಷದ ಬಹುಕಾಲ ಜನ ಕಾಲ್ನಡಿಗೆಯಲ್ಲೇ ದಾಟಬಹುದಾಗಿದ್ದ ಹೊಳೆ ಅದು. ಅದರ ದಡಕ್ಕೆ ಅಂಟಿಕೊಂಡು ಮನೆ ಕಟ್ಟಿದವರನ್ನು ದೂರುವುದು ಸುಲಭ. ಎಷ್ಟೋ ವರ್ಷ ಕೆಣಕದೆ ಹರಿದ ನೀರು ಒಂದು ರಾತ್ರಿ ಹೀಗೆ ಬರಬಹುದೆಂದು ಅವರಿಗೆ ಹೇಳಬೇಕಾದ ಅಂಕಿಅಂಶಗಳು ಆಡಳಿತದ ಬಳಿಯೂ ಇರಲಿಲ್ಲ.

ಆದ್ದರಿಂದ ವಿಶ್ವೇಶ್ವರಯ್ಯನವರು ಮೊದಲು ಕೈಹಾಕಿದ್ದು ಮಳೆಯ ದಾಖಲೆಗೆ. ಸಂಸ್ಥಾನದೊಳಗೆ ಮಳೆಮಾಪಕಗಳು ಕಡಿಮೆ ಇದ್ದುದರಿಂದ ನೆರೆಯ ಪ್ರಾಂತ್ಯಗಳ ಮಳೆ ದಾಖಲೆಗಳನ್ನೂ ತರಿಸಿ ನೋಡಿದರು. ನಗರದ ದಕ್ಷಿಣಕ್ಕಿರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು, 48 ಗಂಟೆಗಳಲ್ಲಿ 18.9 ಇಂಚು ಮಳೆ ಸುರಿದಿತ್ತು. ದಖ್ಖನಿನ ಈ ಭಾಗದಲ್ಲಿ ಇಡೀ ವರ್ಷ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚಿನ ಪಾಲು ಎರಡೇ ದಿನಗಳಲ್ಲಿ ಬಿದ್ದಂತಾಯಿತು.

ಇಲ್ಲಿ ಒಂದು ಸರಳ ಗುಣಾಕಾರವನ್ನು ಓದುಗರು ತಾವೇ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಚಾದರ್‌ಘಾಟಿನವರೆಗೆ ಮೂಸಿಯ ಜಲಾನಯನ ಪ್ರದೇಶ 862 ಚದರ ಮೈಲಿ. ಅಷ್ಟು ನೆಲದ ಮೇಲೆ ಒಂದು ಇಂಚು ನೀರು ನಿಂತರೆ ಅದರ ಪರಿಮಾಣ ಸುಮಾರು 200 ಕೋಟಿ ಘನ ಅಡಿ, ಅಂದರೆ 2 ಟಿಎಂಸಿ. ಪ್ರವಾಹದ ಗರಿಷ್ಠ ಹರಿವು ಸೆಕೆಂಡಿಗೆ 4,25,000 ಘನ ಅಡಿ ಎಂದು ಅಂದಾಜಾಗಿತ್ತು. ಇದನ್ನು ಜಲಾನಯನ ಪ್ರದೇಶಕ್ಕೆ ಹಂಚಿದರೆ ಪ್ರತಿ ಚದರ ಮೈಲಿಗೆ 490ಕ್ಕೂ ಹೆಚ್ಚು ಕ್ಯೂಸೆಕ್ ಬರುತ್ತದೆ. ಇಡೀ ಪ್ರದೇಶದಿಂದ ಗಂಟೆಗೆ ಮುಕ್ಕಾಲು ಇಂಚು ನೀರು ಒಂದೇ ಸಮನೆ ಹರಿದು ಬಂದುದಕ್ಕೆ ಇದು ಸಮ. ಆ ದರದಲ್ಲಿ ಒಂದು ಗಂಟೆ ಹರಿದ ನೀರೇ ಒಂದೂವರೆ ಟಿಎಂಸಿ. ಇಷ್ಟು ವಿಸ್ತಾರದ ಪ್ರದೇಶದ ಎಲ್ಲ ಹಳ್ಳಗಳ ನೀರು ಒಂದೇ ಹೊತ್ತಿಗೆ ನಗರ ಮುಟ್ಟುವುದು ಸಹಜವಲ್ಲ. ದೂರದ ಹಳ್ಳದ ನೀರು ತಡವಾಗಿ, ಹತ್ತಿರದ್ದು ಬೇಗ ಬರಬೇಕು. ಹಾಗಾದರೆ ಈ ಪರಿಯ ಗರಿಷ್ಠ ಹರಿವು ಮಳೆಯೊಂದರಿಂದಲೇ ಹುಟ್ಟಿತೇ ಎಂಬ ಪ್ರಶ್ನೆ ಏಳುತ್ತದೆ.

ಉತ್ತರ ಕೆರೆಗಳಲ್ಲಿತ್ತು. ಆ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು, ಹೆಚ್ಚೂಕಡಿಮೆ ಚದರ ಮೈಲಿಗೊಂದರಂತೆ. ಅವುಗಳಲ್ಲಿ 221 ಕೆರೆಗಳ ಏರಿಗಳು ಆ ಮಳೆಯಲ್ಲಿ ಒಡೆದಿದ್ದವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಬರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಸಾಧಾರಣ ವರ್ಷಗಳಲ್ಲಿ ಈ ಸರಣಿಯೇ ನೆರೆಯನ್ನು ತಡೆದು ತಡೆದು ಬಿಡುವ ವ್ಯವಸ್ಥೆ. ಆದರೆ ಮೇಲಿನ ಒಂದು ಏರಿ ಒಡೆದಾಗ ಕೆಳಗಿನ ಕೋಡಿಗೆ ಅದು ತಾಳಬಲ್ಲ ನೀರಿನ ಹಲವು ಪಟ್ಟು ಒಮ್ಮೆಗೇ ಬಂದು ಬೀಳುತ್ತದೆ, ಕೋಡಿ ಸಾಲದೆ ನೀರು ಏರಿಯ ನೆತ್ತಿಯ ಮೇಲೆ ಹರಿದು ಮಣ್ಣನ್ನು ಕೊರೆಯುತ್ತದೆ, ಅದೂ ಒಡೆಯುತ್ತದೆ. ಹೀಗೆ ತಡೆಯಬೇಕಾದ ವ್ಯವಸ್ಥೆಯೇ, ತಿಂಗಳುಗಳಿಂದ ಕೂಡಿಟ್ಟ ನೀರನ್ನು ಮಳೆನೀರಿನ ಜೊತೆ ಸೇರಿಸಿ ಒಟ್ಟಿಗೆ ಕೆಳಗೆ ನೂಕಿತು. ಸೆಪ್ಟೆಂಬರ್ ಕೊನೆಯೆಂದರೆ ಮುಂಗಾರು ಮುಗಿಯುವ ಹೊತ್ತು, ಕೆರೆಗಳು ತುಂಬಿರುವ ಕಾಲ. ಇದೇ ಮಳೆ ಜೂನ್ ತಿಂಗಳಲ್ಲಿ ಬಂದಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಒಡೆದ ಕೆರೆಗಳನ್ನು ಒಂದೊಂದಾಗಿ ಎಣಿಸಿ, ಅವು ಮೂಸಿಯ ಕಡೆಯವೇ ಈಸಿಯ ಕಡೆಯವೇ ಎಂದು ಬೇರ್ಪಡಿಸಿದ್ದು ಈ ಅಧ್ಯಯನದಲ್ಲಿ ನನ್ನನ್ನು ಅತ್ಯಂತ ಸೆಳೆದ ಭಾಗ. ಒಡೆದವುಗಳಲ್ಲಿ ಬಹುಪಾಲು ಈಸಿಯ ಕಡೆಯವಾಗಿದ್ದವು. ಮಳೆ ಯಾವ ದಿಕ್ಕಿನಲ್ಲಿ ಬಲವಾಗಿತ್ತು, ನಗರಕ್ಕೆ ಬಂದ ನೀರಿನ ದೊಡ್ಡ ಪಾಲು ಯಾವ ಕಣಿವೆಯಿಂದ ಬಂತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಆಗ ಬೇರೆ ಸಿಗುವಂತಿರಲಿಲ್ಲ. ಮೂಸಿಗೆ ಮಾತ್ರ ಕಟ್ಟೆ ಕಟ್ಟಿದರೆ ಸಾಲದು, ಈಸಿಗೂ ಬೇಕು ಎಂಬ ತೀರ್ಮಾನದ ಬೇರು ಇಲ್ಲಿದೆ.

ತಡೆಯುವುದು ಎಲ್ಲಿ

ನಗರದ ನಡುವೆ ಹರಿಯುವ ನದಿ ಉಕ್ಕಿದಾಗ ಎಂಜಿನಿಯರನ ಮುಂದೆ ಕೆಲವೇ ದಾರಿಗಳಿರುತ್ತವೆ. ಪಾತ್ರವನ್ನು ಅಗಲ ಮಾಡಬಹುದು. ದಡಗಳನ್ನು ಎತ್ತರಿಸಿ ಗೋಡೆ ಕಟ್ಟಬಹುದು. ನೆರೆಯ ನೀರನ್ನು ಬೇರೊಂದು ಕಾಲುವೆಯಲ್ಲಿ ನಗರದ ಹೊರಗೆ ಸಾಗಿಸಬಹುದು. ಅಥವಾ ನೀರು ನಗರ ತಲುಪುವ ಮೊದಲೇ ಅದನ್ನು ಹಿಡಿದು, ನದಿ ತಾಳುವಷ್ಟನ್ನು ಮಾತ್ರ ಬಿಡಬಹುದು. ನಾಲ್ಕೂಕಾಲು ಲಕ್ಷ ಕ್ಯೂಸೆಕ್ ನೀರನ್ನು ನಗರದೊಳಗಿಂದಲೇ ಸಾಗಿಸುವಷ್ಟು ಅಗಲವಾದ ಪಾತ್ರ ಬೇಕೆಂದರೆ ಉಳಿದ ಮನೆಗಳಲ್ಲಿ ಎಷ್ಟನ್ನು ಕೆಡವಬೇಕಾದೀತೆಂಬುದನ್ನು ಊಹಿಸಬಹುದು. ಗೋಡೆಗಳನ್ನಷ್ಟೇ ನಂಬಿದರೆ, ಗೋಡೆ ಮೀರುವ ನೆರೆ ಬಂದ ದಿನ ಹಾನಿ ಮೊದಲಿಗಿಂತ ಹೆಚ್ಚು, ಏಕೆಂದರೆ ಗೋಡೆಯ ಭರವಸೆಯ ಮೇಲೆ ಜನ ಇನ್ನೂ ಹತ್ತಿರಕ್ಕೆ ಬಂದು ನೆಲೆಸಿರುತ್ತಾರೆ.

ವಿಶ್ವೇಶ್ವರಯ್ಯನವರು 1909ರ ಅಕ್ಟೋಬರ್ 1ರಂದು ಸಲ್ಲಿಸಿದ ವರದಿಯಲ್ಲಿ ಕೊನೆಯ ದಾರಿಯನ್ನು ಮುಖ್ಯವಾಗಿ ಹಿಡಿದರು: ನಗರದಿಂದ ಎಂಟೂವರೆ ಮೈಲಿ ಮೇಲೆ ಮೂಸಿಗೆ ಒಂದು, ಆರೂವರೆ ಮೈಲಿ ಮೇಲೆ ಈಸಿಗೆ ಒಂದು ಪ್ರವಾಹ ತಡೆಯುವ ಜಲಾಶಯ. ಇದರ ಜೊತೆಗೆ ನಗರದೊಳಗೆ ದಡಗಳನ್ನು ಎತ್ತರಿಸಿ, ನದಿಯಂಚನ್ನು ರಸ್ತೆ ಮತ್ತು ಉದ್ಯಾನಗಳಿಂದ ಅಚ್ಚುಕಟ್ಟು ಮಾಡುವ ಸಲಹೆಯೂ ಇತ್ತು. ನದಿಯಂಚಿನಲ್ಲಿ ಗುಡಿಸಲು, ಮನೆಗಳ ಬದಲು ತೆರೆದ ಉದ್ಯಾನವಿದ್ದರೆ ನೀರು ಸ್ವಲ್ಪ ಮೇಲೇರಿದರೂ ಜೀವಹಾನಿಯಾಗದು.

ಇಂಥ ಜಲಾಶಯ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ನೆರೆಯ ಒಟ್ಟು ನೀರನ್ನು ಶಾಶ್ವತವಾಗಿ ಕೂಡಿಡುವುದು ಅದರ ಉದ್ದೇಶವಲ್ಲ. ಒಳಹರಿವು ಕೆಲವೇ ಗಂಟೆಗಳಲ್ಲಿ ಏರಿ ಇಳಿಯುತ್ತದೆ. ಆ ಗಂಟೆಗಳಲ್ಲಿ ನದಿ ತಾಳುವ ಪ್ರಮಾಣಕ್ಕಿಂತ ಹೆಚ್ಚಾಗಿ ಬಂದ ಭಾಗವನ್ನು ಮಾತ್ರ ಜಲಾಶಯ ಹಿಡಿದು, ಒಳಹರಿವು ತಗ್ಗಿದ ಮೇಲೆ ದಿನಗಟ್ಟಲೆ ನಿಧಾನವಾಗಿ ಬಿಡುತ್ತದೆ. ಹೀಗಾಗಿ ಕಟ್ಟೆಯ ಒಟ್ಟು ಧಾರಣ ಸಾಮರ್ಥ್ಯಕ್ಕಿಂತಲೂ ನೆರೆ ಬಂದ ಗಳಿಗೆಯಲ್ಲಿ ಅದರೊಳಗೆ ಖಾಲಿ ಇರುವ ಜಾಗವೇ ರಕ್ಷಣೆಯ ಅಳತೆ. ತುಂಬಿ ನಿಂತ ಜಲಾಶಯ, ಎಷ್ಟೇ ದೊಡ್ಡದಿರಲಿ, ಬಂದಷ್ಟನ್ನೂ ಕೆಳಗೆ ಬಿಡಲೇಬೇಕು.

ಒಳಚರಂಡಿ ಯೋಜನೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ. ಆದರೆ ಪ್ರವಾಹ ರಕ್ಷಣೆ ಮತ್ತು ಚರಂಡಿ ಎರಡನ್ನೂ ಒಬ್ಬರೇ, ಒಂದೇ ಕಾಲದಲ್ಲಿ ನೋಡಿದ್ದರಿಂದ ನದಿಯನ್ನು ನಗರದ ಕೊಳೆ ಸಾಗಿಸುವ ತೆರೆದ ಮೋರಿಯೆಂದು ಕಾಣುವ ರೂಢಿಗೆ ಆ ಯೋಜನೆಯಲ್ಲಿ ಸ್ಥಳವಿರಲಿಲ್ಲ. ಆ ಕೆಲಸ ಬೇಗ ಮುಗಿಯಲಿಲ್ಲ; ಚರಂಡಿ ಮತ್ತು ನಗರ ಸುಧಾರಣೆಯ ಕೆಲಸಕ್ಕಾಗಿ 1920ರ ದಶಕದಲ್ಲಿ ಅವರನ್ನು ಮತ್ತೆ ಹೈದರಾಬಾದಿಗೆ ಕರೆಸಬೇಕಾಯಿತು.

ವರದಿ ಕೊಟ್ಟು ಆರು ವಾರವಾಗುವಷ್ಟರಲ್ಲಿ, 1909ರ ನವೆಂಬರಿನಲ್ಲಿ, ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬೆಂಗಳೂರಿಗೆ ಬಂದರು. ಮೈಸೂರಿನಲ್ಲಿ 1911ರಲ್ಲಿ ಕನ್ನಂಬಾಡಿ ಕಾಮಗಾರಿಗೆ ಮಂಜೂರಾತಿ, 1912ರಲ್ಲಿ ದಿವಾನ ಪದವಿ ಬಂದ ಆ ವರ್ಷಗಳಲ್ಲೇ ಹೈದರಾಬಾದಿನಲ್ಲಿ ಅವರ ವರದಿಯನ್ನು ಬೇರೆಯವರು ಕಲ್ಲುಗಾರೆಗೆ ಇಳಿಸುತ್ತಿದ್ದರು. 1912ರಲ್ಲಿ ನಗರ ಸುಧಾರಣಾ ಮಂಡಳಿ ರಚನೆಯಾಯಿತು. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಗಂಡಿಪೇಟೆಯ ಬಳಿ ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೆರೆ ತೊಳೆದುಹೋದ ದಡಗಳಲ್ಲಿ ವಿನ್ಸೆಂಟ್ ಎಶ್ ವಿನ್ಯಾಸದ ಹೈಕೋರ್ಟ್ ಮತ್ತು ಉಸ್ಮಾನಿಯಾ ಆಸ್ಪತ್ರೆಯ ಕಟ್ಟಡಗಳು ಎದ್ದವು. ಕಲ್ಪಿಸಿದವರು ಊರು ಬಿಟ್ಟು ಹೋದ ಮೇಲೂ ಯೋಜನೆ ಮುಂದುವರಿದು ಮುಗಿದದ್ದು ಸಣ್ಣ ಮಾತಲ್ಲ. ಇದರ ಶ್ರೇಯಸ್ಸು ಸ್ಥಳೀಯ ಎಂಜಿನಿಯರುಗಳಿಗೂ ಆ ಆಡಳಿತಕ್ಕೂ ಸಲ್ಲಬೇಕು. ಎಲ್ಲವನ್ನೂ ವಿಶ್ವೇಶ್ವರಯ್ಯನವರ ಹೆಸರಿಗೇ ಬರೆದುಬಿಡುವ ನಮ್ಮ ಅಭಿಮಾನ ಈ ಸಂಗತಿಯನ್ನು ಮರೆಮಾಡಬಾರದು.

ಒಂದು ಕಟ್ಟೆಗೆ ಎರಡು ಕೆಲಸ

ಕಟ್ಟೆಗಳು ಸಿದ್ಧವಾದ ಮೇಲೆ ಅವುಗಳ ನೀರು ನಗರಕ್ಕೆ ಕುಡಿಯಲು ಬಂತು. ಅಲ್ಲಿಯವರೆಗೆ ಮೀರ್ ಆಲಂ ಕೆರೆ, ಹುಸೇನ್ ಸಾಗರಗಳನ್ನು ನೆಚ್ಚಿಕೊಂಡಿದ್ದ ಊರಿಗೆ ಇದು ಬಹುದೊಡ್ಡ ವರವಾಯಿತು. ಗಂಡಿಪೇಟೆಯ ನೀರಿನ ರುಚಿಯನ್ನು ಹೈದರಾಬಾದಿನ ಹಳಬರು ಇಂದಿಗೂ ಹೊಗಳುತ್ತಾರೆ. ಆದರೆ ಪ್ರವಾಹ ತಡೆಯುವ ಜಲಾಶಯ ಖಾಲಿ ಇರಬೇಕು, ಕುಡಿಯುವ ನೀರಿನ ಜಲಾಶಯ ತುಂಬಿರಬೇಕು. ಒಂದೇ ಕಟ್ಟೆಗೆ ಈ ಎರಡೂ ಕೆಲಸ ವಹಿಸಿದರೆ ಯಾವ ತಿಂಗಳಲ್ಲಿ ಯಾವ ಮಟ್ಟಕ್ಕೆ ನೀರು ಇಟ್ಟುಕೊಳ್ಳಬೇಕೆಂಬ ಕಟ್ಟುನಿಟ್ಟಾದ ನಿಯಮ ಬೇಕಾಗುತ್ತದೆ. ಬರದ ವರ್ಷದ ನೆನಪು ಹಸಿಯಾಗಿರುವಾಗ ಆಗಸ್ಟಿನಲ್ಲಿ ತುಂಬಿದ ನೀರನ್ನು ಮುಂದಿನ ಮಳೆಗೆ ಜಾಗ ಮಾಡಲೆಂದು ಹೊರಬಿಡುವ ಧೈರ್ಯ ಯಾವ ಅಧಿಕಾರಿಗೂ ಸುಲಭವಾಗಿ ಬರುವುದಿಲ್ಲ. ಇಂದು ಪೂರ್ಣ ಮಟ್ಟದವರೆಗೆ ಉಸ್ಮಾನ್ ಸಾಗರದ ಸಾಮರ್ಥ್ಯ 3.9 ಟಿಎಂಸಿ, ಹಿಮಾಯತ್ ಸಾಗರದ್ದು 2.97 ಟಿಎಂಸಿ. ಒಂದು ಇಂಚಿಗೆ 2 ಟಿಎಂಸಿ ಎಂಬ ಮೇಲಿನ ಲೆಕ್ಕವನ್ನು ಇಲ್ಲಿಗೆ ತಂದರೆ, ಎರಡೂ ಸೇರಿ ಹಿಡಿಯುವುದು ಇಡೀ ಜಲಾನಯನ ಪ್ರದೇಶದಿಂದ ಹರಿದು ಬರುವ ಮೂರೂವರೆ ಇಂಚಿಗೂ ತುಸು ಕಡಿಮೆ ನೀರನ್ನು. ಮಳೆಗಾಲದ ಕೊನೆಯಲ್ಲಿ ಅವು ಪೂರ್ಣ ಮಟ್ಟದಲ್ಲಿ ನಿಂತಿರುವಾಗ 1908ರಂಥ ಮಳೆ ಬಂದರೆ, ನಗರದ ರಕ್ಷಣೆ ಆ ಮಟ್ಟದ ಮೇಲಿನ ಜಾಗವನ್ನೂ ಗೇಟು ತೆರೆಯುವ ಗಳಿಗೆಯನ್ನೂ ಅವಲಂಬಿಸಿರುತ್ತದೆ.

ಯೋಜನೆಯ ಇನ್ನೊಂದು ಮಿತಿ ಭೂಗೋಳದ್ದು. ಉಸ್ಮಾನ್ ಸಾಗರಕ್ಕೆ ನೀರು ಬರುವ ಪ್ರದೇಶ 738 ಚದರ ಕಿಲೋಮೀಟರ್, ಹಿಮಾಯತ್ ಸಾಗರಕ್ಕೆ 1,311 ಚದರ ಕಿಲೋಮೀಟರ್. 862 ಚದರ ಮೈಲಿಯೆಂದರೆ ಸುಮಾರು 2,230 ಚದರ ಕಿಲೋಮೀಟರ್ ಆದ್ದರಿಂದ, 1909ರ ನಗರದ ಮಟ್ಟಿಗೆ ನೀರು ಬರುವ ನೆಲದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚಿನದು ಈ ಎರಡು ಕಟ್ಟೆಗಳ ಹಿಂದೆ ಬಂದಿತು. ಆ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳದ ಆಯ್ಕೆ ಸಾಧ್ಯವಿತ್ತೆಂದು ನನಗೆ ತೋರುವುದಿಲ್ಲ. ಆದರೆ ಈಗ ಹೈದರಾಬಾದ್ ಕಟ್ಟೆಗಳ ಕೆಳಗಡೆ ಎಲ್ಲ ದಿಕ್ಕಿಗೂ ಹಬ್ಬಿದೆ. 2020ರ ಅಕ್ಟೋಬರ್ 13 ಮತ್ತು 14ರಂದು ಭಾರಿ ಮಳೆ ಸುರಿದಾಗ ಹಿಮಾಯತ್ ಸಾಗರದ ಗೇಟುಗಳನ್ನು ತೆರೆಯಲಾಯಿತು. ಆದರೆ ಆ ತಿಂಗಳು ಹಳೆಯ ನಗರದ ದಕ್ಷಿಣದ ಬಡಾವಣೆಗಳಲ್ಲಿ ಜನರನ್ನು ಮುಳುಗಿಸಿದ್ದು ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿ ಒಡೆದು ಬಂದ ನೀರು. ಈ ಕೆರೆಗಳು ಆ ಎರಡು ಜಲಾಶಯಗಳ ಹಿಂದೆ ಇಲ್ಲ, ನಗರದೊಳಗೇ ಇವೆ. ನೂರಾಹನ್ನೆರಡು ವರ್ಷಗಳ ಬಳಿಕವೂ ಕೆರೆ ಏರಿಯೇ ಒಡೆದಿತ್ತು.

ಜಲಾಶಯಗಳ ಮೇಲ್ಭಾಗವೂ ಮೊದಲಿನಂತಿಲ್ಲ. 1996ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ 111ನೆಯ ಸರ್ಕಾರಿ ಆದೇಶದ ಮೂಲಕ ಎರಡೂ ಜಲಾಶಯಗಳಿಂದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿರ್ಬಂಧಿಸಿತ್ತು. 2022ರಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧವನ್ನು ಸಡಿಲಿಸಿತು. ಹೊಲ, ಬಯಲು, ಕುಂಟೆಗಳಿದ್ದಲ್ಲಿ ಕಾಂಕ್ರೀಟ್ ಬಂದರೆ ಅದೇ ಒಂದು ಇಂಚು ಮಳೆಯಿಂದ ಹೆಚ್ಚು ನೀರು, ಹೆಚ್ಚು ವೇಗದಲ್ಲಿ ಕಟ್ಟೆಗೆ ಬರುತ್ತದೆ. ಗೇಟು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಸಿಗುವ ಗಂಟೆಗಳು ಕಡಿಮೆಯಾಗುತ್ತವೆ. 1909ರ ವರದಿಯ ಅಂಕಿಗಳು ಅಂದಿನ ನೆಲಕ್ಕೆ ಹೊಂದುವಂಥವು. ಆ 788 ಕೆರೆಗಳಲ್ಲಿ ಈಗ ಎಷ್ಟು ಉಳಿದಿವೆ, ಉಳಿದವುಗಳ ಕೋಡಿ ಎಷ್ಟು ಅಗಲವಿದೆ, ಕೋಡಿ ಹಳ್ಳದ ಮೇಲೆ ಏನು ಕಟ್ಟಿದ್ದಾರೆ ಎಂಬ ಪಟ್ಟಿಯನ್ನು ಕೆರೆಯಿಂದ ಕೆರೆಗೆ ನಡೆದು ಮತ್ತೆ ತಯಾರಿಸಬೇಕು. ಎರಡು ಜಲಾಶಯಗಳ ಮಳೆಗಾಲದ ಮಟ್ಟವನ್ನು ಗೊತ್ತುಮಾಡುವ ಕೆಲಸ ಆ ಪಟ್ಟಿ ಕೈಗೆ ಬಂದ ಮೇಲಷ್ಟೇ ಆರಂಭವಾಗಬಲ್ಲದು.